ಎರಡು ಸಲ ಕತ್ತರಿಸಿದ ಕಂಬಳಿ

ಉಗುರುಸಂದಿಗೆ ಸೇರಿದ ನೀಲಿ ಬಣ್ಣ ಸೋಪಿಗೂ ಹೋಗಲಿಲ್ಲ, ಬೂದಿಗೂ ಹೋಗಲಿಲ್ಲ. ಇನ್ನು ಉಜ್ಜಿದರೆ ಹೋಗುವುದು ಬಣ್ಣವಲ್ಲ, ಚರ್ಮ ಎನಿಸಿ ತೂದಾ ಕೈಯನ್ನು ಶಾಲಿನೊಳಗೆ ಎಳೆದುಕೊಂಡು ಚಿಕ್ಕಮ್ಮನ ಮನೆಯ ಏರು ಹತ್ತಿದಳು. ಸತ್ತವರ ಮನೆಗೆ ಹೋಗುವಾಗ ಕೈ ಶುದ್ಧವಾಗಿರಬೇಕಲ್ಲ ಎಂಬ ಯೋಚನೆ ಬಂದು, ಈಗ ಸತ್ತಿರುವುದಾದರೂ ಯಾರು, ಸಾಯಬೇಕಾದದ್ದು ಒಂದು ಕಂಬಳಿ ತಾನೆ ಎಂದು ತನ್ನನ್ನೇ ಗದರಿಕೊಂಡಳು. ಕೆಳಗೆ ಸರೋವರ ತನ್ನ ಪಾಡಿಗೆ ತಾನು ಮಲಗಿತ್ತು. ಬೆಳಿಗ್ಗೆ ಬೂದು, ಈಗ ಹನ್ನೊಂದು ಗಂಟೆಗೆ ಹಸಿರು, ಮಧ್ಯಾಹ್ನಕ್ಕೆ ಇನ್ನೇನೋ. ಆರು ಗಂಟೆಯಿಂದ ಅದರ ದಡದಲ್ಲೇ ಕೂತು ಬೆನ್ನಾಸರನ ವಸತಿಗೃಹದ ಹೆಸರುಹಲಗೆಯ ಮೇಲೆ ಅದೇ ಸರೋವರವನ್ನು ಬರೆಯುತ್ತಿದ್ದವಳು ಮೂರು ಸಲ ಬಣ್ಣ ಕಲಸಿ ಮೂರು ಸಲ ಒರೆಸಿದ್ದಳು. ನಾಲ್ಕನೆಯದು ಒಣಗಲಿ ಎಂದು ಬಿಟ್ಟು ಓಡಿ ಬಂದಿದ್ದಳು. ಚೀಲದಲ್ಲಿ ಫೋನು, ಫೋನನ್ನು ನಿಲ್ಲಿಸುವ ಮೂರು ಕಾಲಿನ ಕೋಲು, ಮದುಮಗನ ಹೆಸರು ತಪ್ಪಾಗಿ ಅಚ್ಚಾದ ಒಂದು ಮದುವೆಯ ಕಾಗದ, ಸೇಬಿನ ಮರಕ್ಕೆ ಬೀಳುವ ಹುಳುವಿನ ಬಗ್ಗೆ ಅರಬ್ಬಿಯಲ್ಲಿದ್ದ ಎರಡು ಹಾಳೆ. ಆ ಹುಳುವಿಗೆ ತಮ್ಮ ಮಾತಿನಲ್ಲಿ ಏನನ್ನುತ್ತಾರೆ ಎಂದು ಯಾರನ್ನಾದರೂ ಕೇಳಬೇಕಿತ್ತು. ಇಮ್ಮಾಳನ್ನು ಕೇಳಿದರಾಯಿತು ಎಂದು ನಿನ್ನೆ ಒಂದು ಕ್ಷಣ ಅಂದುಕೊಂಡಿದ್ದಳು. ಅಮ್ಮ ಇಲ್ಲ ಎಂಬುದು ನಾಲ್ಕು ತಿಂಗಳಾದರೂ ಹೀಗೆ ಯಾವುದೋ ಹುಳುವಿನ ನೆಪದಲ್ಲಿ ಹೊಸದಾಗಿ ತಿಳಿಯುತ್ತಿತ್ತು.

ಒಂದೇ ಮಾತಿನಲ್ಲಿ ಹೇಳಿಬಿಡಬಹುದಾದ ಕೆಲಸ ಅವಳಿಗಿರಲಿಲ್ಲ. ಕಮ್ಮಾರನಿಗಿದೆ, ಸೂಲಗಿತ್ತಿಗಿದೆ, ಕುರಿ ಕಾಯುವವನಿಗಂತೂ ಇದ್ದೇ ಇದೆ. ಹಲಗೆ ಬರೆಯುವುದು, ಮದುವೆಯ ಕಾಗದಕ್ಕೆ ಹೂಬಳ್ಳಿ ಹಾಕುವುದು, ಮದುವೆಯ ಕುಣಿತವನ್ನು ಚಿತ್ರ ಹಿಡಿದು ಜೋಡಿಸುವುದು, ರೇಡಿಯೋದ ಸೋಪಿನ ಜಾಹೀರಾತಿಗೆ ಧ್ವನಿ ಕೊಡುವುದು, ಬೆಟ್ಟ ಹತ್ತಲು ಬಂದ ಪರದೇಶದವರಿಗೂ ಹೇಸರಗತ್ತೆಯವನಿಗೂ ನಡುವೆ ನಿಂತು ಇಬ್ಬರ ಬೈಗುಳವನ್ನೂ ಮೆತ್ತಗೆ ಮಾಡಿ ದಾಟಿಸುವುದು, ಇವನ್ನೆಲ್ಲ ಸೇರಿಸಿ ಊರಿನವರು ‘ಫೋನಿನ ಕೆಲಸ’ ಎನ್ನುತ್ತಿದ್ದರು. ಇಮ್ಮಾ ತೀರಿಕೊಂಡ ಮೂರನೆಯ ದಿನ ಕಣಿವೆಯಾಚೆಯಿಂದ ದುಃಖ ಕೇಳಲು ಬಂದ ಹೆಂಗಸೊಬ್ಬಳು “ನೀನೇನವ್ವ ಮಾಡ್ಕೊಂಡಿದ್ದೀಯ?” ಎಂದಾಗ, ಇವಳು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಇಝ್ಝಾ, “ಅವಳಾ? ಎಲ್ಲರ ಕೆಲಸಾನೂ ಮಾಡ್ತಾಳೆ, ಒಬ್ಬರದ್ದು ಬಿಟ್ಟು” ಅಂದುಬಿಟ್ಟಿದ್ದಳು. ಹೆಂಗಸರು ನಕ್ಕಿದ್ದರು, ಸಾವಿನ ಮನೆಯಲ್ಲಿ ಮೂರನೆಯ ದಿನಕ್ಕೆ ಸ್ವಲ್ಪ ನಗು ಸಲ್ಲುತ್ತದೆ. ಆ ಒಬ್ಬರು ಯಾರು? ತನ್ನದೇ ಕೆಲಸ ಎಂದಳೋ, ಇಮ್ಮಾಳದು ಎಂದಳೋ? ಅವತ್ತಿನಿಂದ ತೂದಾ ಆ ಮಾತನ್ನು ಬಾಯಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ನಾಲಿಗೆಯಿಂದ ಹುಡುಕುತ್ತಲೇ ಇದ್ದಳು. ಅಜ್ಜಿಯ ಕಥೆಯೊಂದರಲ್ಲಿ ಹೊಸ ಸೊಸೆಗೆ ಒಂದೇ ಹೊತ್ತಿಗೆ ಮೂರು ಕೆಲಸ ಹೇಳುತ್ತಾರೆ. ಅವಳು ನೆರಳನ್ನು ನೀರಿಗೆ ಕಳಿಸುತ್ತಾಳೆ, ಧ್ವನಿಯನ್ನು ಕುರಿ ಕರೆಯಲು ಕಳಿಸುತ್ತಾಳೆ, ಕೈಗಳನ್ನು ಮಗ್ಗದ ಮುಂದೆ ಬಿಟ್ಟು ತಾನು ಬಾಗಿಲಲ್ಲಿ ಕೂತುಕೊಳ್ಳುತ್ತಾಳೆ. ಸಂಜೆ ನೆರಳು ಬರುತ್ತದೆ, ಕೈ ಬರುತ್ತದೆ, ಧ್ವನಿ ಮಾತ್ರ... ಮುಂದಿನದನ್ನು ತೂದಾ ಮನಸ್ಸಿನಲ್ಲೂ ಹೇಳಿಕೊಳ್ಳಲಿಲ್ಲ. ಹಗಲು ಹೊತ್ತಿನಲ್ಲಿ ಕಥೆ ಹೇಳಿದವರಿಗೆ ಬೋಳುತಲೆಯ ಮಕ್ಕಳು ಹುಟ್ಟುತ್ತಾರೆ. ಮೂವತ್ತೊಂದು ತುಂಬಿದರೂ ಮದುವೆಯ ಸುದ್ದಿಯಿಲ್ಲದವಳು ಮಕ್ಕಳ ತಲೆಗೂದಲಿನ ಬಗ್ಗೆ ಹೆದರುತ್ತಿದ್ದೇನಲ್ಲ ಎಂದು ಅವಳಿಗೇ ನಗು ಬಂತು.

ಇವತ್ತು ಮಾತ್ರ ಇರಬೇಕು. ಬರೀ ಆ ಮನೆಯಲ್ಲಿರುವುದಲ್ಲ, ಇರಬೇಕು. ಇಮ್ಮಾ ಹೋಗುವಾಗ ಪಕ್ಕದ ಕೋಣೆಯಲ್ಲಿದ್ದೂ ತಾನಿರಲಿಲ್ಲ. ಅವಳು ಅರ್ಧ ನೇಯ್ದು ಬಿಟ್ಟುಹೋದ ಕಂಬಳಿ ಮಗ್ಗದಿಂದ ಇಳಿಯುವಾಗಲಾದರೂ ಕಣ್ಣು ಬಿಟ್ಟುಕೊಂಡು, ಕಿವಿ ಬಿಟ್ಟುಕೊಂಡು ಅಲ್ಲಿರಬೇಕು ಎಂದು ಅವಳು ವಾರದಿಂದ ಹೇಳಿಕೊಳ್ಳುತ್ತಿದ್ದಳು. ಅದೇ ವಾರದಲ್ಲಿ ಕಾಸಾಬ್ಲಾಂಕಾದಿಂದ ಮದಾಮ್ ಲಮ್ಯಾ, ಹೆಂಗಸರ ಕಂಬಳಿಗಳನ್ನು ಪರದೇಶಕ್ಕೆ ಕಳಿಸುವವಳು, ಕತ್ತರಿಸುವುದನ್ನು ಚಿತ್ರ ಹಿಡಿದು ಕಳಿಸಲೇಬೇಕು ಎಂದಿದ್ದಳು. ಕೊಂಡವರು ಕೇಳುತ್ತಿದ್ದಾರೆ, ಧ್ವನಿ ಸಮೇತ ಬೇಕು, ಇವತ್ತು ಮಧ್ಯಾಹ್ನ ಮೂರು ಗಂಟೆಯೊಳಗೆ. ತಪ್ಪು ಮದಾಮಿನದಲ್ಲ. ಕಂಬಳಿಗಳಿಗೆ ಕಟ್ಟುವ ಚೀಟಿಯಲ್ಲಿ ಎರಡು ವರ್ಷದ ಹಿಂದೆ ಬರೆದವಳು ತಾನೇ: ‘ನಮ್ಮಲ್ಲಿ ಮಗ್ಗದ ಮೇಲಿರುವಷ್ಟು ದಿನ ಕಂಬಳಿಗೆ ಜೀವವಿರುತ್ತದೆ. ಕತ್ತರಿಸುವ ದಿನ ಅದು ಸಾಯುತ್ತದೆ. ಆಗ ನೇಯ್ದವಳು, ಸಾಯುವವರ ಕಿವಿಯಲ್ಲಿ ಹೇಳುವ ಹಾಗೆ, ಅದಕ್ಕೂ ಕಲಿಮಾ ಹೇಳಿ, ಹೆಣಕ್ಕೆ ಹಾಕುವ ಹಾಗೆ ನೀರು ಹಾಕುತ್ತಾಳೆ.’ ನಾಲ್ಕು ಸಾಲು. ಬರೆದಾಗ ಎಷ್ಟು ಚೆನ್ನಾಗಿ ಬಂತು ಎಂದು ಹಿಗ್ಗಿದ್ದಳು. ಇಮ್ಮಾಳಿಗೆ ಓದಿ ಹೇಳಿದಾಗ ಅವಳು ಉಣ್ಣೆ ಹಿಂಜುತ್ತಲೇ, “ಇದನ್ನೆಲ್ಲಾ ಬರೀತಾರಾ? ಯಾರಿಗ್ ಗೊತ್ತಿಲ್ಲ ಇದು!” ಅಂದಿದ್ದಳು.

ಚಿಕ್ಕಮ್ಮ ಬಾಗಿಲು ಮುಚ್ಚಿಕೊಂಡು, ಕೈಕಾಲು ತೊಳೆದುಕೊಂಡು, ಹೊಸ ತಲೆವಸ್ತ್ರ ಕಟ್ಟಿಕೊಂಡು ಕಾದಿದ್ದಳು. “ಬಂದ್ಯಾ? ಮಯ್ಯಿತ್ತಿಗೆ ಬರೋರು ಹೆಣಾನ ಹೀಗೆ ಕಾಯಿಸ್ತಾರಾ?” ಎಂದಳು. ಮಗ್ಗ ಕಿಟಕಿಯ ಪಕ್ಕದ ಗೋಡೆಯುದ್ದಕ್ಕೂ ನಿಂತಿತ್ತು. ಕೆಳಗಿನ ಅರ್ಧ ಇಮ್ಮಾಳದು, ಮೇಲಿನದು ಚಿಕ್ಕಮ್ಮನದು. ಕೈ ಬದಲಾದ ಜಾಗ ಬೇರೆ ಯಾರಿಗೂ ಕಾಣದು, ತೂದಾಳಿಗೆ ಕಾಣುತ್ತದೆ: ಇಮ್ಮಾ ಕಬ್ಬಿಣದ ಬಾಚಣಿಗೆಯಲ್ಲಿ ಹೊಕ್ಕುನೂಲನ್ನು ಸಿಟ್ಟಿದ್ದವಳ ಹಾಗೆ ಬಡಿಯುತ್ತಿದ್ದಳು, ಅವಳ ಸಾಲುಗಳು ಹಲ್ಲುಕಚ್ಚಿ ನಿಂತಿರುತ್ತವೆ; ಚಿಕ್ಕಮ್ಮನದು ಉಸಿರು ಬಿಟ್ಟ ಹಾಗೆ ಸಡಿಲ. ಇಮ್ಮಾಳ ಕೊನೆಯ ಕಪ್ಪು ಸಾಲು ಅರ್ಧಕ್ಕೆ ನಿಂತಲ್ಲಿ ಚಿಕ್ಕಮ್ಮ ಅದನ್ನು ಮುಗಿಸಿರಲಿಲ್ಲ, ಹಾಗೇ ಬಿಟ್ಟು ಅದರ ಮೇಲೆ ಕೆಂಪು ಹಾಕಿದ್ದಳು. ತೂದಾ ಅದನ್ನು ನೋಡುತ್ತ ನಿಲ್ಲಬೇಕೆಂದುಕೊಂಡಳು. ಆದರೆ ಕಿಟಕಿಯ ಬೆಳಕು ಮಗ್ಗದ ಒಂದೇ ಪಕ್ಕಕ್ಕೆ ಬೀಳುತ್ತಿತ್ತು, ಮೂರು ಕಾಲಿನ ಕೋಲಿನ ಒಂದು ಕಾಲು ಚಾಪೆಯ ಮಡಿಕೆಯಲ್ಲಿ ಜಾರುತ್ತಿತ್ತು, ನೀರಿನ ಬಟ್ಟಲು ಚಿತ್ರದೊಳಗೆ ಬರುತ್ತಿರಲಿಲ್ಲ. ಬಟ್ಟಲನ್ನು ಒಂದು ಗೇಣು ಎಡಕ್ಕೆ ಸರಿಸಿದಳು. ಚಿಕ್ಕಮ್ಮ ಬಟ್ಟಲನ್ನೂ ಅವಳನ್ನೂ ನೋಡಿದಳು. “ಶುರು ಮಾಡ್ಲಾ?” ಎಂದವಳು, “ಅಲ್ಲೇ ನಿಂತ್ಕೊಂಡ್ರೆ ಹೇಗೆ, ಕೆಳಗಿನ ತೊಲೆ ಹಿಡ್ಕೋ. ಇದು ನಿಮ್ಮಮ್ಮ ಹಿಡೀತಿದ್ದ ಜಾಗ” ಎಂದಳು.

ಫೋನಿನ ಕೆಂಪು ಚುಕ್ಕೆಯನ್ನು ಒತ್ತಿ ತೂದಾ ಬಂದು ಕುಕ್ಕುರುಗಾಲಿನಲ್ಲಿ ಕೂತು ತೊಲೆ ಹಿಡಿದಳು. ಉಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಚಿಕ್ಕಮ್ಮ ಈರುಳ್ಳಿ ಹೆಚ್ಚುವ ಚಾಕುವನ್ನೇ ತಗೊಂಡು, ತುಟಿಯನ್ನು ಹಾಸುನೂಲಿಗೆ ತಾಗುವಷ್ಟು ಹತ್ತಿರ ತಂದು ಕಲಿಮಾ ಹೇಳಿದಳು. ಬಲಗಡೆಯಿಂದ ಒಂದೊಂದೇ ನೂಲು ಕತ್ತರಿಸುತ್ತ ಬಂದಳು. ಬಿಗಿದು ನಿಂತ ನೂಲು ತುಂಡಾಗುವಾಗ ಟಕ್ ಎನ್ನುತ್ತದೆ, ಒಂದೊಂದೂ ಬೇರೆಬೇರೆ. ಆ ಶಬ್ದ ಫೋನಿಗೆ ಕೇಳಿಸುತ್ತಿದೆಯೇ? ಹತ್ತಿರ ಇಡಬೇಕಿತ್ತೇ? ತನ್ನ ಬೆನ್ನು ಅಡ್ಡ ಬಂದಿರಬಹುದೇ? ತೂದಾ ತಲೆಯನ್ನು ಸ್ವಲ್ಪ ತಗ್ಗಿಸಿದಳು. ತೊಲೆ ಕೈಯಲ್ಲಿ ಸಣ್ಣಗೆ ನಡುಗಿದಂತಾಯಿತು. ಜೀವ ಹೋಗುವುದೆಂದರೆ ಹೀಗೇ ಇರಬೇಕು ಎಂದು ಒಂದು ಕ್ಷಣ ಮೈ ಜುಮ್ಮೆಂದು, ಮರುಕ್ಷಣವೇ ಈ ಮಾತನ್ನು ಚೀಟಿಯಲ್ಲಿ ಬರೆಯಬಹುದಲ್ಲ ಎನಿಸಿತು. ಎನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಪಡುತ್ತಿರುವಾಗಲೇ ಕಂಬಳಿ ಭಾರವಾಗಿ ಅವಳ ಮೊಣಕಾಲ ಮೇಲೆ ಕುಸಿದುಬಿತ್ತು. ಕೊನೆಯ ನೂಲು ಯಾವಾಗ ತುಂಡಾಯಿತು? ಚಿಕ್ಕಮ್ಮ ಬಟ್ಟಲಿಗೆ ಬೆರಳದ್ದಿ ಮೂರು ಸಲ ನೀರು ಚಿಮುಕಿಸಿ, ಅಂಗೈಯಿಂದ ಕಂಬಳಿಯ ಮೈಯನ್ನು ಒಂದು ಸಲ ಸವರಿ, “ಆಯ್ತು ಯಾಮ್ನಾ” ಎಂದಳು. ಅಕ್ಕನ ಹೆಸರನ್ನು ನಾಲ್ಕು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಅಂದಿದ್ದಳು. ತೂದಾ ಫೋನಿನ ಕಡೆ ತಿರುಗಿದಳು. ಅದು ಮೂರು ಕಾಲಿನ ಮೇಲೆ ಸದ್ದಿಲ್ಲದೆ ಗಡಗಡ ನಡುಗುತ್ತಿತ್ತು. ಕೆಂಪು ಚುಕ್ಕೆಯಿರಲಿಲ್ಲ. ಬೆನ್ನಾಸರನ ಹೆಸರಿತ್ತು.

“ಏನವ್ವ ತೂದಾ, ಎಷ್ಟು ಸಲ ಮಾಡೋದು? ನಿನ್ನ ಸರೋವರ ಒಣಗಿದ ಮೇಲೆ ಹಸಿರಾಗಿದೆ ಮಾರಾಯ್ತಿ. ನೋಡಿದವರು ಬೆನ್ನಾಸರ್ ಪುದೀನ ಮಾರ್ತಾನೆ ಅಂದ್ಕೋತಾರೆ.”

“ದಾದ್ದಾ, ಈಗ ಸರೋವರ ಇರೋದೇ ಹಸಿರು. ತಲೆ ಎತ್ತಿ ನೋಡಿ.”

“ಇರೋದನ್ನ ನೋಡೋಕೆ ಹಲಗೆ ಯಾಕಮ್ಮ ಬೇಕು? ನೀಲಿ ಮಾಡು. ಮತ್ತೆ ನೋಡು, ನಾಲ್ಕಕ್ಕೆ ವ್ಯಾನು ಹೊರಡತ್ತೆ, ಕಂಬಳಿ ಸುತ್ತಿಟ್ಟಿರು. ನಾನು ಕಾಯಲ್ಲ. ಹೆಂಡ್ತಿಗೇ ಕಾದವನಲ್ಲ ನಾನು.”

ಎಂಟು ಸೆಕೆಂಡು ಚಿತ್ರ ಬಂದಿತ್ತು. ಮೊದಲ ಎಂಟು ಸೆಕೆಂಡು, ಅದರಲ್ಲಿ ಅವಳದೇ ಬೆನ್ನು. ಆಮೇಲೆ ಬೆನ್ನಾಸರ್ ಕರೆದಿದ್ದ, ಫೋನು ಚಿತ್ರ ಹಿಡಿಯುವುದನ್ನು ನಿಲ್ಲಿಸಿ ಅವನಿಗಾಗಿ ನಡುಗುತ್ತ ನಿಂತಿತ್ತು. ತೊಲೆಯಲ್ಲಿ ತನಗೆ ತಿಳಿದ ನಡುಕ ಅದೇ ಇರಬಹುದೇ, ನೆಲದ ಹಲಗೆಯ ಮೂಲಕ ಬಂದದ್ದು? ಹಾಗಾದರೆ ತಾನು ಕಂಬಳಿಯ ಜೀವವೆಂದು ತಿಳಿದು ಮೈ ಜುಮ್ಮೆನ್ನಿಸಿಕೊಂಡದ್ದು ಬೆನ್ನಾಸರನಿಗೆ. ತೂದಾ ಅಲ್ಲೇ ಚಾಪೆಯ ಮೇಲೆ ಕೂತಳು. ಚಿತ್ರವೂ ಸಿಗಲಿಲ್ಲ, ನೋಡುವುದೂ ಆಗಲಿಲ್ಲ. ಎರಡು ಮೊಲದ ಹಿಂದೆ ಓಡಿದವನ ಕಥೆಯನ್ನು ಅಜ್ಜಿ ಹೇಳಿದ್ದಳಲ್ಲ, ಅವನಿಗಾದರೂ ಸಂಜೆ ಮನೆಗೆ ಬಂದು ಬೈಸಿಕೊಳ್ಳಲು ಹೆಂಡತಿಯಿದ್ದಳು. ಚಿಕ್ಕಮ್ಮ ಚಹಾಕ್ಕೆ ಸಕ್ಕರೆಗಟ್ಟಿ ಒಡೆಯುತ್ತಿದ್ದಳು. ಇವಳ ಮುಖ ನೋಡಿ ಸುತ್ತಿಗೆ ಕೆಳಗಿಟ್ಟಳು.

“ಏನೇ? ಚಿತ್ರದಲ್ಲಿ ಚೆನ್ನಾಗಿ ಬರಲಿಲ್ವಾ ನಾನು?”

“ಬರಲೇ ಇಲ್ಲ ಖಾಲ್ತಿ. ನಿಂತುಹೋಗಿದೆ.”

“ಯಾವುದು?”

“ಎಲ್ಲಾ.” ಹೇಳಬಾರದೆಂದುಕೊಂಡದ್ದು ಅಷ್ಟರಲ್ಲಿ ನಾಲಿಗೆಯ ತುದಿಗೆ ಬಂದಿತ್ತು. ಸೋಪಿನವರಿಗೆ, ಮದುವೆಯವರಿಗೆ, ಮದಾಮಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತಾದ್ದರಿಂದ ಅದಕ್ಕೆ ದಾರಿ ಗೊತ್ತಿತ್ತು. “ಇನ್ನೊಂದು ಸಲ ಮಾಡೋಕಾಗತ್ತಾ?”

ಚಿಕ್ಕಮ್ಮ ಅವಳನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಕೆಮ್ಮು ಬರುವವರೆಗೂ ನಕ್ಕು, ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. “ಸತ್ತವಳನ್ನ ಎಬ್ಬಿಸಿ, ಏಳವ್ವ, ಸರಿಯಾಗಿ ಕಾಣಲಿಲ್ಲ, ಇನ್ನೊಂದು ಸಲ ಸಾಯಿ ಅನ್ನೋದಾ?”

“ಬೇಡ ಖಾಲ್ತಿ. ಬಿಡಿ. ಮದಾಮಿಗೆ ಇಲ್ಲ ಅಂತೀನಿ.”

“ಇಲ್ಲ ಅಂದ್ರೆ ಅವಳು ಕಂಬಳೀನೂ ಇಲ್ಲ ಅಂತಾಳೆ. ನಿಮ್ಮಮ್ಮ ಬೆನ್ನು ಮುರ್ಕೊಂಡಿದ್ದು ನನ್ನ ಅಟ್ಟದಲ್ಲಿ ನುಸಿ ತಿನ್ನಲಿ ಅಂತಲಾ? ಏಳು, ಏಳು. ನೂಲು ತಾನೆ!”

ತೂದಾ ಬಯಸಿದ್ದು ಇದನ್ನಲ್ಲ. ಚಿಕ್ಕಮ್ಮ ಬಯ್ಯಬೇಕಿತ್ತು. ಫೋನನ್ನು ಕಿತ್ತು ಒಲೆಗೆಸೆದಿದ್ದರೂ ಸಮಾಧಾನವಿರುತ್ತಿತ್ತು. ಆಗ ಈ ಮನೆಯಲ್ಲಿ ಮುಟ್ಟಬಾರದ್ದೊಂದು ಇನ್ನೂ ಇದೆ, ಮುಟ್ಟಿದವಳು ತಾನು ಎಂದಾದರೂ ಆಗುತ್ತಿತ್ತು. ಚಿಕ್ಕಮ್ಮ ಹಾಗೇನೂ ಮಾಡದೆ, ಸ್ಟೂಲಿನ ಮೇಲೆ ಹತ್ತಿ, ತುಂಡಾದ ನೂಲುಗಳನ್ನು ಮೇಲಿನ ತೊಲೆಗೆ ಮತ್ತೆ ಗಂಟುಹಾಕತೊಡಗಿದಳು. ಇಪ್ಪತ್ತು ಸಾಕೇ, ಮೂವತ್ತು ಬೇಕೇ ಎಂದು ಕೇಳಿದಳು. ಕಂಬಳಿ ಅಷ್ಟಷ್ಟೇ ಮೇಲೆದ್ದಿತು, ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದ ರೋಗಿಯ ಹಾಗೆ, ಒಂದು ಭುಜ ಇಳಿದು, ಕತ್ತು ವಾಲಿ. ಕೊನೆಯ ದಿನಗಳಲ್ಲಿ ಇಮ್ಮಾಳನ್ನು ಹಾಗೆ ಕೂರಿಸಿ ಬಾರ್ಲಿ ಗಂಜಿ ಕುಡಿಸುತ್ತಿದ್ದರು. ಕುಡಿಸುತ್ತಿದ್ದವಳು ಚಿಕ್ಕಮ್ಮ. ತೂದಾ ಹಿಮ ಬಿದ್ದು ಮುಚ್ಚಿದ ರಸ್ತೆಯನ್ನು ಬೈಯುತ್ತ, ಕಂಬಳಿಗಳನ್ನಿಡುವ ಗೂಡಿನೊಳಗೆ ತೂರಿ, ಹೊರಗಿನ ಸದ್ದು ಕೇಳಿಸದ ಹಾಗೆ ಮೈಮೇಲೆ ಮೂರು ಕಂಬಳಿ ಹೊದ್ದು, ಫೋನಿಗೆ ಹೇಳುತ್ತಿದ್ದಳು: ಕೈಗೆ ಮೃದು, ಕೊಳೆಗೆ ಕಠಿಣ. ಕೈಗೆ ಮೃದು ಎನ್ನುವಾಗ ನಗು ಇರಬೇಕು ಎಂದಿದ್ದರು ಸೋಪಿನವರು; ನಗು ಕಾಣದಿದ್ದರೂ ಧ್ವನಿಯಲ್ಲಿ ಕೇಳಿಸಬೇಕು. ಎಂಟು ಸಲ ಹೇಳಿದ್ದಳು, ಎಂಟು ಸಲವೂ ನಗು ಒಣಗಿತ್ತು. ಒಂಬತ್ತನೆಯ ಸಲ ಅದು ತಾನಾಗಿ ಹರಿದು ಬಂತು. ಬರುತ್ತಿರುವಾಗಲೇ, ಕಂಬಳಿಗಳ ಆಚೆಯಿಂದ, ಚಿಕ್ಕಮ್ಮ “ತೂದಾ!” ಎಂದು ಕೂಗಿದ್ದು ಕೇಳಿತು. ಆ ಕೂಗು ಏನೆಂದು ಆಗಲೇ ತಿಳಿದಿತ್ತು. ತಿಳಿಯಲಿಲ್ಲವೆಂದು ಯಾರಿಗೆ ಬೇಕಾದರೂ ಹೇಳಬಹುದು, ಆದರೆ ಫೋನು ತೋರಿಸುವ ಧ್ವನಿಯ ಗೆರೆಯಲ್ಲಿ ಆ ಕೂಗು ಸಣ್ಣ ಗುಡ್ಡದ ಹಾಗೆ ಎದ್ದಿತ್ತು, ಅದರ ಮುಂದೆ ಅವಳ ಮಾತು ಒಂಚೂರೂ ತಡವರಿಸದೆ ಮುಂದೆ ಹೋಗಿತ್ತು. ಕೊಳೆಗೆ ಕಠಿಣ. ಹನ್ನೊಂದು ಸೆಕೆಂಡು. ಮುಗಿಸಿ, ನಿಲ್ಲಿಸಿ, ಹೊರಗೆ ಬರುವಷ್ಟರಲ್ಲಿ ಚಿಕ್ಕಮ್ಮ ಇಮ್ಮಾಳ ಕಿವಿಯಿಂದ ಮುಖ ಎತ್ತುತ್ತಿದ್ದಳು. ಕಲಿಮಾ ಹೇಳಬೇಕಾದವಳು ಮಗಳು, ಹೇಳಿದವಳು ತಂಗಿ. ಏಳನೆಯ ದಿನ ಕಳೆದ ಮೇಲೆ ತೂದಾ ಆ ಗುಡ್ಡವನ್ನು ಕತ್ತರಿಸಿ ತೆಗೆದು ಸೋಪಿನವರಿಗೆ ಕಳಿಸಿದಳು. ತುಂಬಾ ಚೆನ್ನಾಗಿದೆ, ಈ ನಗುವೇ ಬೇಕಿತ್ತು ಎಂದರು. ಈಗಲೂ ಕೆಳಗಿನ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳಲು ನಿಂತಾಗ ಆ ನಗು ರೇಡಿಯೋದಿಂದ ಬಂದು ಅವಳ ಕತ್ತಿಗೆ ತಾಗುತ್ತದೆ.

“ಮುಖ ಈ ಕಡೆ ತಿರುಗಿಸ್ಲಾ?” ಚಿಕ್ಕಮ್ಮ ಚಾಕು ಹಿಡಿದು ನಿಂತಿದ್ದಳು. “ಆ ಕಡೆ ಹಲ್ಲಿಲ್ಲ ನಂಗೆ.”

“ಹೇಗಿದ್ರೂ ಸರಿ ಖಾಲ್ತಿ.”

“ಹೇಗಿದ್ರೂ ಸರಿ ಅನ್ನೋದಾದ್ರೆ ಆಗ್ಲೇ ಸರಿಯಿತ್ತಲ್ಲ!” ಎಂದು ಗೊಣಗಿ, ಚಿಕ್ಕಮ್ಮ ಹೆಗಲು ಕುಗ್ಗಿಸಿ ಮುಖವನ್ನು ಇಳಿಸಿದಳು. ಒಮ್ಮೆಗೇ ಅವಳಿಗೆ ಹತ್ತು ವರ್ಷ ವಯಸ್ಸಾಯಿತು. ಫೋನಿನೊಳಗೆ ಅದು ಎಷ್ಟು ನಿಜವಾಗಿ ಕಂಡಿತೆಂದರೆ ತೂದಾ ಫೋನಿನಾಚೆ ಕಣ್ಣು ಹಾಯಿಸಿ ಮತ್ತೊಮ್ಮೆ ನೋಡಬೇಕಾಯಿತು. ಚಾಕು ನೂಲಿನ ಹತ್ತಿರ ಬಂತು, ಅಲ್ಲೇ ನಿಂತಿತು.

“ಒಂದು ಮಾತು. ಕಲಿಮಾ ನಾನು ಹೇಳಲ್ಲ.”

“ಹೇಳದೆ ಹೇಗೆ ಖಾಲ್ತಿ? ಧ್ವನಿ ಬೇಕು ಅಂದಿದ್ದಾರೆ.”

“ನೂಲು ನಂದು. ಸಂಜೆವರೆಗೂ ಕಟ್ಟಿ ಕಟ್ಟಿ ಕತ್ತರಿಸು ಅಂದ್ರೂ ಕತ್ತರಿಸ್ತೀನಿ. ಆ ಮಾತು ನಂದಲ್ಲ, ಆಟಕ್ಕೆ ಹೇಳೋಕೆ. ತುಟಿ ಆಡಿಸ್ತೀನಿ, ಅದರ ಮೇಲೆ ನೀನೇ ಧ್ವನಿ ಹಾಕ್ಕೋ. ಸೋಪಿಗೆ ಹಾಕಲ್ವಾ?” ಇಷ್ಟನ್ನೂ ಅವಳು ಚಾಕುವಿನ ಅಲಗನ್ನು ಹೆಬ್ಬೆರಳಿನಲ್ಲಿ ನೋಡಿಕೊಳ್ಳುತ್ತ, ಸಂತೆಯ ಮಾತಾಡುವ ಹಾಗೆ ಹೇಳಿದಳು. ಆಮೇಲೆ ಅದೇ ದನಿಯಲ್ಲಿ, “ಅವತ್ತು ನೀನು ಬರೋದು ತಡ ಆಯ್ತು, ನಾನು ಹೇಳ್ದೆ. ಇವತ್ತೂ ನಾನೇ ಹೇಳಿದ್ದಾಯ್ತು. ಮೂರನೇ ಸಲಾನೂ ನಾನೇನಾ?” ಎಂದಳು.

ಗೊತ್ತಿದೆ ಅವಳಿಗೆ. ಅಥವಾ ಏನೂ ಗೊತ್ತಿಲ್ಲ, ಬಾಯಿಗೆ ಬಂದದ್ದನ್ನು ಅಂದಳು ಅಷ್ಟೆ. ತೂದಾ ಅವಳ ಮುಖದಲ್ಲಿ ಹುಡುಕಿದಳು. ಅಲ್ಲಿ ಚಿತ್ರಕ್ಕಾಗಿ ಇಳಿಸಿಟ್ಟ ದುಃಖವಿತ್ತು, ಅದರ ಹಿಂದಿರುವುದು ಕಾಣುತ್ತಿರಲಿಲ್ಲ. “ಶುರು ಮಾಡಿ” ಎಂದಳು. ಚಿಕ್ಕಮ್ಮ ಶುರುಮಾಡಿದಳು. ತುಟಿಯನ್ನು ಹಾಸುನೂಲಿಗೆ ತಂದು ಗುನುಗಿದಳು. ದನಿ ತಗ್ಗಿತ್ತು, ರಾಗವಾಗಿತ್ತು, ಮಧ್ಯೆಮಧ್ಯೆ ಉಸಿರೆಳೆದುಕೊಳ್ಳುವಲ್ಲಿ ಸಣ್ಣ ಬಿಕ್ಕಿನ ಹಾಗಿತ್ತು. ಕಿವಿಯಿಟ್ಟು ಕೇಳಿದಾಗ ತೂದಾಳಿಗೆ ಪದಗಳು ಬಿಡಿಸಿಕೊಂಡವು: ಉಪ್ಪು. ಸಕ್ಕರೆಗಟ್ಟಿ ಎರಡು. ಹಸುವಿಗೆ ಹಗ್ಗ. ಕೆಮ್ಮಿನ ಔಷಧಿ, ಕಹಿಯಿಲ್ಲದ್ದು. ಕಪ್ಪು ಉಣ್ಣೆ, ಸಿಕ್ಕಿದಷ್ಟು. ನಾಳೆಯ ಸಂತೆಗೆ ಬೆನ್ನಾಸರನ ಕೈಯಲ್ಲಿ ತರಿಸಬೇಕಾದ್ದು. ಇಷ್ಟರ ನಡುವೆಯೇ ನೂಲುಗಳು ತುಂಡಾದವು, ಕಂಬಳಿ ಎರಡನೆಯ ಸಲ ಬಿತ್ತು, ನೀರು ಬಿತ್ತು. ಈ ಸಲ ಬೆಳಕೂ ಚೆನ್ನಾಗಿತ್ತು; ನೀರಿನ ಹನಿಗಳು ಕಿಟಕಿಯ ಬಿಸಿಲಿನಲ್ಲಿ ಒಂದೊಂದಾಗಿ ಕಂಡವು. ಎಲ್ಲವೂ ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಮೊದಲನೆಯದನ್ನು ತಾನು ನೋಡಿಯೇ ಇಲ್ಲವಲ್ಲ, ಚೆನ್ನಾಗಿತ್ತು ಎಂದು ಹೇಗೆ ತಿಳಿಯಿತು?

ಮನೆಗೆ ಹೋಗಿ ಗೂಡಿನೊಳಗೆ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದಳು. ಎರಡು ಗಂಟೆ ಹತ್ತು ನಿಮಿಷ. ಚಿಕ್ಕಮ್ಮನ ತುಟಿ ಆಡುವಲ್ಲಿ ತನ್ನ ಧ್ವನಿ ಕೂರಿಸಬೇಕು. ಕಷ್ಟದ ಕೆಲಸವೇನಲ್ಲ, ವಯಸ್ಸಾದವಳ ದನಿ ಬೇಕಾದರೆ ಕತ್ತನ್ನು ಹೀಗೆ ಹಿಂದಕ್ಕೆ ಹಾಕಿದರೆ ಬರುತ್ತದೆ. ಕತ್ತನ್ನು ಹಿಂದಕ್ಕೆ ಹಾಕಿದಳು. ಕಲಿಮಾದ ಮೊದಲ ಪದ ಗಂಟಲಿಗೆ ಬಂತು, ಅದರ ಜೊತೆಗೇ, ಕರೆಯದೆಯೇ, ಆ ನಗುವೂ ಬಂತು. ಕಾಣದಿದ್ದರೂ ಕೇಳಿಸುವ ನಗು. ಬಾಯಿ ಮುಚ್ಚಿಕೊಂಡಳು. ಉಣ್ಣೆಯ ಕತ್ತಲಲ್ಲಿ ತನ್ನ ಉಸಿರೇ ತನಗೆ ವಾಪಸ್ಸು ಬಡಿಯುತ್ತಿತ್ತು. ಹೊರಗೆ ಯಾರೂ ಕೂಗುತ್ತಿರಲಿಲ್ಲ. ಕೂಗಲಿ ಎಂದು ಸ್ವಲ್ಪ ಹೊತ್ತು ಕಾದವಳು, ಕೊನೆಗೆ ಎದ್ದು ಬಂದು, ಚಿತ್ರವನ್ನು ಇದ್ದ ಹಾಗೆಯೇ, ಉಪ್ಪು ಸಕ್ಕರೆ ಹಗ್ಗದ ಸಮೇತ, ಮದಾಮಿಗೆ ಕಳಿಸಿಬಿಟ್ಟಳು. ಹತ್ತು ನಿಮಿಷಕ್ಕೆ ಮದಾಮಿನ ಮಾತು ಬಂತು. “ತೂದಾ, ನಾನು ಅತ್ತುಬಿಟ್ಟೆ ಕಣೇ. ನಮ್ಮಾಫೀಸಲ್ಲಿ ಎಲ್ಲರೂ ಅತ್ತರು. ಆಕೆ ಹೇಳ್ತಿರೋದು ಕಲಿಮಾ ಅಲ್ಲ ಅಲ್ವಾ? ಯಾವುದೋ ಹಳೇದು, ನಿಮ್ಮ ಭಾಷೇದು. ಎರಡು ಸಾಲಲ್ಲಿ ಅರ್ಥ ಬರೆದು ಕಳಿಸು, ಕೆಳಗೆ ಹಾಕ್ತೀವಿ.” ಹುಳುವಿನ ಹಾಳೆಗಿಂತ ಸುಲಭದ ಅನುವಾದ. ಕೈ ತಾನಾಗಿ ಸುಳ್ಳಿನ ಕಡೆಗೆ ಹೊರಟಿತು: ಮಣ್ಣಿನಿಂದ ಬಂದವಳೇ, ಮಣ್ಣಿಗೆ... ಅಳಿಸಿದಳು. ಇದ್ದದ್ದನ್ನು ಇದ್ದ ಹಾಗೆ ಬರೆದಳು. ಉಪ್ಪು, ಎರಡು ಸಕ್ಕರೆಗಟ್ಟಿ, ಹಸುವಿಗೆ ಹಗ್ಗ, ಕಹಿಯಿಲ್ಲದ ಔಷಧಿ, ಸಿಕ್ಕಿದಷ್ಟು ಕಪ್ಪು ಉಣ್ಣೆ. ಬೈಗುಳಕ್ಕೆ ಕಾದು ಕೂತಳು. “ಎಷ್ಟು ಸರಳ! ಸತ್ತವರ ದಾರಿಗೆ ಬುತ್ತಿ ಕಟ್ಟೋ ಹಾಗಿದೆ” ಎಂದು ಬಂತು. ಬೈದಿದ್ದರೆ ಚೆನ್ನಾಗಿತ್ತು ಎಂದು ಆ ದಿನ ಎರಡನೆಯ ಸಲ ಅನಿಸಿತು. ಈ ಊರಿನ ಯಾವ ಮಾತನ್ನು ಯಾವ ಬಾಯಿಂದ ಹೇಳಿದರೂ ಅಲ್ಲಿ ಅದು ಚೆನ್ನಾಗಿಯೇ ಕೇಳಿಸುತ್ತದೆ. ಹಾಗೆ ಕೇಳಿಸುವಂತೆ ಕಿವಿ ತಿದ್ದಿಕೊಟ್ಟವಳೂ ತಾನೇ.

ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಬೆನ್ನಾಸರನ ವ್ಯಾನು ಚಿಕ್ಕಮ್ಮನ ಬಾಗಿಲಲ್ಲಿ ಹಾರ್ನು ಹೊಡೆಯುತ್ತಿತ್ತು. ಹಿಂದೆ ಆರು ಮೂಟೆ ಉಣ್ಣೆ, ಕಾಲು ಕಟ್ಟಿದ ಎರಡು ಕುರಿ. ಚಿಕ್ಕಮ್ಮ ಕಂಬಳಿಯನ್ನು ಇಮ್ಮಾಳ ತುದಿಯಿಂದ ಸುತ್ತಿಟ್ಟಿದ್ದಳು. “ಶುರು ಮಾಡಿದವಳು ಒಳಗಿರಲಿ” ಎಂದು ಅಷ್ಟೇ ಹೇಳಿ, ಬೆನ್ನಾಸರನಿಗೆ ಸಂತೆಯ ಪಟ್ಟಿ ಒಪ್ಪಿಸತೊಡಗಿದಳು. ಈ ಸಲ ಗುನುಗದೆ, ಗಟ್ಟಿಯಾಗಿ. “ಕಹಿ ಇಲ್ಲದ್ದು ಅಂದೆ ಹೋದ ಸಲ, ಬೇವಿನ ರಸ ತಂದ್ಕೊಟ್ಟೆ ನೀನು.” “ಕೆಮ್ಮಿಗೆ ಜೇನು ಸಿಗಲ್ಲ ಲಲ್ಲಾ, ಔಷಧಿ ಸಿಗತ್ತೆ.” ಇಬ್ಬರೂ ಕೂಗಾಡುತ್ತಿರುವಾಗ ತೂದಾ ಹಗ್ಗ ಬಿಗಿಯುವ ನೆಪದಲ್ಲಿ ವ್ಯಾನಿನ ಹಿಂದಕ್ಕೆ ಹತ್ತಿದಳು. ಕಂಬಳಿಯ ಸುರುಳಿ ಮೂಟೆಗಳ ಮೇಲೆ ಅಡ್ಡ ಮಲಗಿತ್ತು. ಸುರುಳಿಯ ಕೊನೆಯಲ್ಲಿ, ಪದರಪದರಗಳ ನಡುವೆ, ಬೆರಳು ಹೋಗುವಷ್ಟು ಕಪ್ಪು ಪೊಳ್ಳು. ಅದರೊಳಗೆಲ್ಲೋ ಆ ಹಲ್ಲುಕಚ್ಚಿದ ಸಾಲುಗಳಿದ್ದವು.

ಮೊಣಕಾಲೂರಿ ಬಗ್ಗಿದಳು. ಯಾರಾದರೂ ನೋಡಿದರೆ ಏನೆಂದಾರು ಎಂಬುದು ಬಂತು. ಬರಲಿ ಎಂದು ಬಿಟ್ಟಳು. ಬಾಯನ್ನು ಆ ಪೊಳ್ಳಿಗೆ ತಾಗಿಸಿದಳು. ಕಲಿಮಾದ ಮೊದಲ ಪದಕ್ಕೆ ದನಿಯೇ ಬರಲಿಲ್ಲ, ಗಾಳಿ ಬಂತು. ಎರಡನೆಯದು ಬಂತು, ಮೂರನೆಯದರ ನಡುವೆ ಉಣ್ಣೆಯ ಎಳೆ ನಾಲಿಗೆಗೆ ಅಂಟಿ ಕೆಮ್ಮು ಬಂತು. ಕೆಮ್ಮುತ್ತಲೇ ಮುಂದಕ್ಕೆ ಹೋದಳು. ಪಕ್ಕದ ಕುರಿ ಕಿವಿಯ ಹತ್ತಿರವೇ ಅರಚಿತು, ಅರ್ಧ ಮಾತು ಅದರಲ್ಲಿ ಮುಳುಗಿಹೋಯಿತು. ಬೆನ್ನಾಸರ್ ಗಾಡಿ ಚಾಲೂ ಮಾಡಿದ, ಉಳಿದರ್ಧ ನಡುಗಿತು. ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಬರಿದಾಗಿತ್ತು, ಒಡಕಾಗಿತ್ತು, ಕೊನೆಯ ಪದವಂತೂ ಬಾಯಿಂದ ಬಂತೋ ಮನಸ್ಸಿನಲ್ಲೇ ಉಳಿಯಿತೋ ತಿಳಿಯಲಿಲ್ಲ. ಸೋಪಿನವರಾಗಿದ್ದರೆ, ಮದಾಮ್ ಆಗಿದ್ದರೆ, ತಾನೇ ಆಗಿದ್ದರೆ, ಇನ್ನೊಂದು ಸಲ ಎನ್ನುವಂಥದ್ದು. ಆ ಮಾತು ನಾಲಿಗೆಯವರೆಗೆ ಬಂದು ನಿಂತಿತು. ತೂದಾ ಅಲ್ಲೇ ಇದ್ದಳು, ಬಾಯಿ ತಾಗಿಸಿಕೊಂಡು, ಒಳಗಿನ ಕತ್ತಲು ತನ್ನ ಕೆಟ್ಟ ಉಸಿರನ್ನು ಎಳೆದುಕೊಳ್ಳುವವರೆಗೆ.

“ಏನಮ್ಮ, ಕಂಬಳಿಗೆ ಗುಟ್ಟು ಹೇಳ್ತಿದ್ದೀಯಾ?” ಬೆನ್ನಾಸರ್ ಕಿಟಕಿಯಿಂದ ತಲೆ ಹಾಕಿ ಕೂಗಿದ. “ಮುಗೀತಾ, ಇನ್ನೂ ಇದೆಯಾ?”

ತೂದಾ ಕೆಳಗಿಳಿದು, ಲಂಗಕ್ಕೆ ಅಂಟಿದ ಉಣ್ಣೆಯನ್ನು ಕೊಡವದೆ ನಿಂತಳು. ಬಾಗಿಲಲ್ಲಿ ಚಿಕ್ಕಮ್ಮ ಚಾಕುವನ್ನು ಬಟ್ಟೆಯ ಅಂಚಿಗೆ ಒರೆಸುತ್ತ, ಇವಳ ಬಾಯಿಯನ್ನೇ ನೋಡುತ್ತಿದ್ದಳು.

“ಮುಗೀತು ದಾದ್ದಾ,” ಎಂದಳು ತೂದಾ. “ಹೊರಡಿ.”